ಸೀಟಿನ ಎತ್ತರ

ಗೋವಾದ ಕಾಣಕೋಣದ ಸೈಕಲ್ ರೇಸಿಗೆ ಹತ್ತು ದಿನ ಉಳಿದಿತ್ತು. ಏರು ಬಂದ ಕೂಡಲೇ ನನ್ನ ಬಲಮಂಡಿ ನೋಯುತ್ತಿತ್ತು. ಐವತ್ತು ದಾಟಿದ ಮಂಡಿ ಸವೆದಿದೆ, ಈ ಸಲ ರೇಸಿಗೆ ಇಳಿಯುವುದಿಲ್ಲ ಎಂದು ಮನೆಯಲ್ಲಿ ಹೇಳಿಯೂ ಆಗಿತ್ತು. ಆದರೂ ಸೈಕಲ್ಲನ್ನು ಒಮ್ಮೆ ತೋರಿಸೋಣವೆಂದು, ವಾಸ್ಕೋದಲ್ಲಿ ಸೈಕಲ್ ರಿಪೇರಿ ಮಾಡುವ ವಿಜಯಪುರ ಕಡೆಯ ಚಾಚಾರ ಹತ್ತಿರ ಹೋದೆ.

ಅವರು ನನ್ನನ್ನು ಸೀಟಿನ ಮೇಲೆ ಕೂರಿಸಿದರು.

“ಎರಡೂ ಕಾಲು ನೆಲಕ್ಕ ಹತ್ಯಾವಲ್ರಿ ಸಾಹೇಬ್ರ. ಸೀಟು ಇಷ್ಟ್ಯಾಕ ಇಳಿಸೀರಿ?”

“ದಿನಾ ಆಫೀಸಿಗೆ ಬಂದರಿನ ರಸ್ತೇದಾಗ ಹೋಗ್ತೀನಿ ಚಾಚಾ. ಅದಿರಿನ ಲಾರಿ ಬಂದ್ರ ಕಾಲೂರಿ ನಿಲ್ಲಬೇಕಲ್ಲ.”

“ರೇಸಿಗೆ ಹೊಂಟೀರೋ, ಲಾರಿಗೆ ದಾರಿ ಬಿಡಾಕ ಹೊಂಟೀರೋ?”

ಪೂರ್ತಿ ಕೆಳಗಿಳಿದ ಪೆಡಲಿನ ಮೇಲೆ ಹಿಮ್ಮಡಿಯಿಟ್ಟರೆ ಕಾಲು ನೇರವಾಗುವಷ್ಟು ಸೀಟನ್ನು ಏರಿಸಿದರು. ಮಂಡಿ ಅತಿಯಾಗಿ ಮಡಚಿಯೇ ನೋಯುತ್ತಿದೆ, ಸವೆದದ್ದಲ್ಲ ಎಂದರು. ನಾನು ಪೂರ್ತಿ ನಂಬಲಿಲ್ಲ.

ಮರುದಿನ ಬೆಳಿಗ್ಗೆ ಬಂದರಿನ ಮೇಲಿನ ಏರನ್ನು ಹತ್ತಿದೆ. ಎರಡನೆಯ ತಿರುವಿನಲ್ಲಿ ನೋವು ಶುರುವಾಗುವುದು ರೂಢಿ. ತಿರುವು ದಾಟಿತು, ನೋವು ಬರಲಿಲ್ಲ. ಖಾತ್ರಿಯಾಗಲೆಂದು ಕೆಳಗಿಳಿದು ಮತ್ತೆರಡು ಸಲ ಹತ್ತಿದೆ. ಮೂರನೆಯ ಸಲ ತುದಿ ತಲುಪಿದಾಗ ದಣಿವಿತ್ತು, ಏದುಸಿರಿತ್ತು, ತೊಡೆಗಳು ನಡುಗುತ್ತಿದ್ದವು. ಅವೆಲ್ಲ ಅಭ್ಯಾಸದಿಂದ ಸರಿಹೋಗುವಂಥವು. ಅಭ್ಯಾಸಕ್ಕೆ ಇನ್ನೂ ಒಂಬತ್ತು ದಿನ ಇತ್ತು.