ಗಂಟಿಲ್ಲದ ನೂಲು

ಹೋದ ವಾರ ಕಿರುಗಾವಲಿನ ಹತ್ತಿರ ಬಸ್ಸು ಕೆಟ್ಟು ನಿಂತಾಗ, ಬೆಂದ ರೇಷ್ಮೆಹುಳುವಿನ ವಾಸನೆ ಕಿಟಕಿಯಿಂದ ನುಗ್ಗಿತು. ಪಕ್ಕದವರು ಮೂಗಿಗೆ ಟವೆಲ್ ಹಿಡಿದರು. ನಾನು ಕತ್ತು ಹೊರಗೆ ಹಾಕಿ ಉಸಿರೆಳೆದುಕೊಂಡೆ. ಅವರು ನನ್ನಿಂದಲೂ ಸ್ವಲ್ಪ ಸರಿದು ಕೂತರು.

ಎಪ್ಪತ್ತರ ದಶಕದ ಮೊದಲಲ್ಲಿ, ಮಳವಳ್ಳಿಯಲ್ಲಿ ರೇಷ್ಮೆ ನೂಲು ಬಿಚ್ಚುವ ಶೆಡ್ಡೊಂದಕ್ಕೆ ನಾನು ಸೂಪರ್‌ವೈಸರ್. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಸಾಹುಕಾರರು ಕೆಮ್ಮಿದರೂ, ನನ್ನನ್ನು ಮನೆಗೆ ಕಳಿಸಲಿಕ್ಕೇ ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೆ ಅನ್ನಿಸುತ್ತಿತ್ತು. ಗೂಡು ಬೇಯುವ ಬಾಣಲೆಗಳ ಮುಂದೆ ಹತ್ತು ಹನ್ನೆರಡು ಹೆಂಗಸರು ಕೂರುತ್ತಿದ್ದರು. ಅವರಲ್ಲಿ ಹಿರಿಯರೊಬ್ಬರನ್ನು ಎಲ್ಲರೂ ಅಕ್ಕ ಅನ್ನುತ್ತಿದ್ದರು, ನಾನೂ.

ಅಕ್ಕನ ಕ್ರಮವೇ ಬೇರೆ. ಗೂಡಿನಿಂದ ಏಳುವ ಎಳೆಯ ಮೇಲೆ ಸದಾ ಬೆರಳಿಟ್ಟಿರುತ್ತಿದ್ದರು. ಸಾಸಿವೆಯಷ್ಟು ಗಂಟು ತಗುಲಿದರೂ ನೂಲು ಸುತ್ತುವ ಚಕ್ರ ನಿಲ್ಲಿಸಿ, ಅದನ್ನು ಕಿತ್ತು, ಎಳೆ ಸೇರಿಸಿ, ತಮಗೆ ತಾವೇ "ಊಂ" ಎಂದು ಮತ್ತೆ ಚಕ್ರ ಬಿಡುತ್ತಿದ್ದರು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಸಂಜೆ ತಕ್ಕಡಿಗೆ ಹಾಕಿದರೆ ಅವರ ನೂಲೇ ಕಡಿಮೆ. ನನಗೆ ಅದೇ ಚಿಂತೆ.

ಚಿಂತೆ ಮಾಡುವವನಿಗೆ ಉಪಾಯಗಳೂ ಬೇಗ ಹೊಳೆಯುತ್ತವೆ, ಅದೇ ಕಷ್ಟ. ವಾರದಲ್ಲಿ ಹೆಚ್ಚು ತೂಕದ ನೂಲು ತೆಗೆದವರಿಗೆ ಒಂದು ಸ್ಟೀಲ್ ಲೋಟ ಅಂತ ಸಾಹುಕಾರರನ್ನು ಒಪ್ಪಿಸಿದೆ.

ಮೊದಲ ಲೋಟ ಅಕ್ಕನ ಪಕ್ಕದ ಬಾಣಲೆಯವಳಿಗೆ ಹೋಯಿತು. ಅಕ್ಕ ನಕ್ಕರು. "ನಮ್ಮನೇಲಿ ಲೋಟ ಇಲ್ವಾ ಸ್ವಾಮಿ?"

ಗೆದ್ದವಳು ಬಿಡಲಿಲ್ಲ. "ಅಕ್ಕ ಒಂದೊಂದ್ ಎಳೇಗೂ ತಲೆ ಬಾಚಿ ಊವ ಮುಡಿಸ್ಬೇಕು ಕಣಮ್ಮ! ಅಸ್ಟೊತ್ಗೆ ಲೋಟ ನಮ್ಮನೆ ಸೇರ್ಕತದೆ."

ಶೆಡ್ಡೆಲ್ಲ ನಕ್ಕಿತು. ನಾನೂ ನಕ್ಕೆ...

ಮೂರನೆಯ ವಾರ ಅಕ್ಕನ ಚಕ್ರ ನಿಲ್ಲುವುದು ಕಡಿಮೆಯಾಯಿತು. ನಾಲ್ಕನೆಯ ವಾರ ಲೋಟ ಅವರದು. ಆಮೇಲೆ ಪ್ರತಿ ವಾರವೂ ಅವರದೇ. ಸೆರಗಿನಲ್ಲಿ ಸುತ್ತಿಕೊಂಡು, ಯಾರ ಮುಖವನ್ನೂ ನೋಡದೆ ಹೋಗುತ್ತಿದ್ದರು. ನಾನು ಎದೆಯುಬ್ಬಿಸಿಕೊಂಡು ಓಡಾಡಿದೆ.

ಅಷ್ಟರಲ್ಲಿ ನೇಯುವವರ ಕಡೆಯಿಂದ ನೂಲು ವಾಪಸು ಬಂತು: ತುಂಬ ಗಂಟು. ಸಾಹುಕಾರರು ಲೋಟಕ್ಕೆ ಅಂದೇ ಮಂಗಳ ಹಾಡಿದರು. ಗೂಡೇ ಸರಿಯಿರಲಿಲ್ಲ ಎಂದು ವಾದಿಸಿ ನಾನು ಉಳಿದುಕೊಂಡೆ.

ಮರುದಿನ ಅಕ್ಕನ ಬಳಿ ಹೋದೆ. "ಅಕ್ಕ, ಮೊದಲಿನ ಹಾಗೇ ಬಿಚ್ಚಿ. ನಿಧಾನ ಆದರೂ ಚಿಂತೆಯಿಲ್ಲ."

ಅವರು ಚಕ್ರ ನಿಲ್ಲಿಸಲಿಲ್ಲ. "ನಾನೂ ನೋಡ್ದೆ ಸ್ವಾಮಿ, ಆಯ್ತಾ ಇಲ್ಲ. ಮದ್ಲು ಗಂಟು ಸಿಕ್ಕುದ್ರೆ ಬೆರಳು ತಾನಾಗೇ ಓಯ್ತಿತ್ತು. ಈಗ, ಬುಡುಸುದ್ರೆ ಏನ್ ಕೊಟ್ಟಾರು ಅಂತ ಕೇಳ್ತದೆ." ಬಾಣಲೆಯಿಂದ ಇನ್ನೊಂದು ಗೂಡಿನ ಎಳೆ ಎತ್ತಿಕೊಂಡು, "ಕೈಗೂ ಬುದ್ಧಿ ಬಂದ್ಬುಡ್ತು, ಬುಡಿ" ಎಂದರು.

ಈ ಸಲ ಯಾರೂ ನಗಲಿಲ್ಲ.

ಯುಗಾದಿಯ ಹೊತ್ತಿಗೆ ಅವರು ಕೆಲಸ ಬಿಟ್ಟು ಹಲಗೂರಿನ ಮಗಳ ಮನೆ ಸೇರಿದರು. ನನ್ನ ಕೆಲಸ ಕಾಯಂ ಆಯಿತು.

ಬಸ್ಸು ಹೇಗೋ ಹೊರಟಿತು. ಅಕ್ಕ ತೀರಿಕೊಂಡು ನಾಲ್ಕು ವರ್ಷವಾಯಿತಂತೆ... ಹಲಗೂರು ದೂರವೇನಲ್ಲ. ಹೋಗಬೇಕು, ಆದರೆ ಹೋಗಿ ಏನು ಹೇಳುವುದು ಎಂಬ ಯೋಚನೆಯಲ್ಲೇ ಅವರಿದ್ದಷ್ಟು ವರ್ಷವೂ ಕಳೆದೆ. ಅವರ ನೂಲು ಎಷ್ಟು ನಯವಾಗಿತ್ತು ಎಂದಾದರೂ ಹೇಳಬಹುದಿತ್ತು. ಅದೂ ನನಗೆ ಸರಿಯಾಗಿ ಗೊತ್ತಿಲ್ಲ. ಒಂದು ದಿನವೂ ಬೆರಳಿಟ್ಟು ನೋಡಿರಲಿಲ್ಲ. ಬರೀ ತೂಗಿದ್ದೆ.