ದೊಡ್ಡಪ್ಪನ ತೋಟದ ನಲವತ್ತಮೂರನೇ ಕಾರ್ಡು

ಹಿತ್ತಲ ಗಿಡ ಮದ್ದಲ್ಲ ಅಂತಾರೆ. ನಮ್ಮ ದೊಡ್ಡಪ್ಪನ ಹಿತ್ತಲಲ್ಲಿ ಇರುವ ಮದ್ದೆಲ್ಲ ಗಿಡಕ್ಕೇ. ಮನೆಯೊಳಗಿನವರು ತಮ್ಮ ಪಾಡು ತಾವು ನೋಡಿಕೊಳ್ಳಬೇಕು.

ದೊಡ್ಡಮ್ಮನ ಎಡಗಣ್ಣಿಗೆ ಪೊರೆ ಬಂದು ವರ್ಷ ದಾಟಿತ್ತು. ಆಪರೇಷನ್ನಿಗೆ ಗೊತ್ತಾದ ದಿನ ಎರಡು ಸಲ ತಪ್ಪಿತ್ತು. ಒಮ್ಮೆ ಗುಲಾಬಿಗೆ ಹುಳ, ಇನ್ನೊಮ್ಮೆ ದಾಸವಾಳದ ಮೊದಲ ಮೊಗ್ಗು. ಇನ್ನು ತಡಮಾಡಿದರೆ ಕಣ್ಣು ಉಳಿಯುವ ಭರವಸೆಯಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಹಾಗಾಗಿ ಮೂರನೇ ಸಲದ ದಿನ ಬೆಳಿಗ್ಗೆಯೇ ನಾನು ಹೋದೆ. ನಾನೇ ಕರೆದುಕೊಂಡು ಹೋಗುತ್ತೇನೆಂದರೆ ದೊಡ್ಡಮ್ಮ ಒಪ್ಪಲಿಲ್ಲ.

"ಕಟ್ಕೊಂಡವರು ಬರ್ಲಿ ಕಣೇ. ಇಲ್ದಿದ್ರೆ ಕಣ್ಣು ಹೋದ್ರೆ ಹೋಗ್ಲಿ."

ಹಠದಲ್ಲಿ ಅವಳೂ ಗಂಡನಿಗೆ ಕಡಿಮೆಯಿಲ್ಲ.

ದೊಡ್ಡಪ್ಪ ಮೂವತ್ತು ವರ್ಷ ಕಾರ್ಖಾನೆಯೊಂದರ ಸ್ಟೋರ್‌ಕೀಪರ್ ಆಗಿದ್ದವರು. ನಿವೃತ್ತಿಯಾದ ಮೇಲೆ ನಟ್ಟು ಬೋಲ್ಟು ಹೋಗಿ ಕುಂಡಗಳು ಬಂದವು, ಪ್ರತಿ ಸಾಮಾನಿಗೂ ಕಾರ್ಡು ಬರೆದಿಡುವ ಚಟ ಹೋಗಲಿಲ್ಲ. ನಲವತ್ತೆರಡು ಕುಂಡಕ್ಕೂ ಗೋಣಿದಾರದಲ್ಲಿ ಕಟ್ಟಿದ ಒಂದೊಂದು ಕಾರ್ಡು: ಹೆಸರು, ಬಂದದ್ದು, ತೊಂದರೆ, ಕೊನೆಯ ಸಲ ನೋಡಿದ್ದು. ಒಂದು ಕಾಲಂ ಖಾಲಿ ಇದ್ದರೆ ಅವರಿಗೆ ಊಟ ಸೇರುವುದಿಲ್ಲ.

ಕುಡಿಯಲು ನೀರು ಕೇಳಿದೆ. ಮೊದಲು ತೋಟ ನೋಡು ಎಂದು ಎಳೆದುಕೊಂಡು ಹೋಗಿ, ಒಂದು ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಈ ನಿಂಬೆ ನೋಡು. ಕೆಳಗಿಂದ ಮೂರನೇ ಎಲೆ, ಬಲಗಡೆ. ಸಾಸಿವೆಯಷ್ಟು ಚುಕ್ಕೆ. ಮೊನ್ನೆ ಕಣ್ಣಿಗೆ ಬಿತ್ತು."

"ದೊಡ್ಡಪ್ಪ, ಇವತ್ತು ಒಂಬತ್ತಕ್ಕೆ ಆಸ್ಪತ್ರೆ."

"ಎಳೇ ಗಿಡ. ಬಿಟ್ಟು ಹೋದ್ರೆ ಬೇಜಾರು ಮಾಡ್ಕೊಳ್ಳುತ್ತೆ."

ನನಗೆ ಮೈಯೆಲ್ಲ ಉರಿದುಹೋಯಿತು. ಮನುಷ್ಯರೂ ಬೇಜಾರು ಮಾಡಿಕೊಳ್ಳುತ್ತಾರೆಂದು ಈ ಮಹಾನುಭಾವರಿಗೆ ಯಾರು ಹೇಳಬೇಕು? ಆದರೂ ಅವರ ಹಿಂದೆ ಕುಂಡದಿಂದ ಕುಂಡಕ್ಕೆ ನಡೆದೆ.

ಸಾಲಿನ ಕೊನೆಯ ಕುಂಡದ ಪಕ್ಕ ದೊಡ್ಡಮ್ಮ ಸ್ಟೂಲು ಹಾಕಿಕೊಂಡು ಕೂತಿದ್ದಳು. ಹೊರಡಲು ಸಿದ್ಧಳಾಗಿದ್ದಳು. ಕೊರಳಲ್ಲಿ ಗೋಣಿದಾರ, ಅದರಲ್ಲೊಂದು ಕಾರ್ಡು. ಕಣ್ಣು ಕಾಣದೆ ಬರೆದದ್ದಕ್ಕೆ ಅಕ್ಷರಗಳು ಸೊಟ್ಟಸೊಟ್ಟವಾಗಿದ್ದವು.

ಹೆಸರು: ಹೆಂಡತಿ. ಬಂದದ್ದು: ನಲವತ್ತೊಂದು ವರ್ಷದ ಹಿಂದೆ. ತೊಂದರೆ: ಎಡಗಣ್ಣು. ಕೊನೆಯ ಸಲ ನೋಡಿದ್ದು ಎಂಬುದರ ಮುಂದೆ ಏನೂ ಇರಲಿಲ್ಲ.

ದೊಡ್ಡಪ್ಪನ ಕೈ ತಾನಾಗಿ ಜೇಬಿನ ಪೆನ್ನಿಗೆ ಹೋಗಿ ಅಲ್ಲೇ ನಿಂತಿತು.

"ಬಲಗಣ್ಣಲ್ವೇನೇ?" ಅಂದರು.

ದೊಡ್ಡಮ್ಮ ಕಾರ್ಡನ್ನು ಎತ್ತಿ ತೋರಿಸಿದಳು. ದೊಡ್ಡಪ್ಪ ನಿಂಬೆಯ ಮುಂದೆ ಕುಕ್ಕರಗಾಲಲ್ಲಿ ಕೂತಂತೆಯೇ ಅವಳ ಮುಂದೆಯೂ ಕೂತು, ಗಲ್ಲ ಹಿಡಿದೆತ್ತಿ ನೋಡಿದರು. ಕಣ್ಣಿನ ನಡುವೆ ಹಾಲಿನ ಹನಿಯಂಥ ಬಿಳುಪು. ಬೆಳಿಗ್ಗೆ ಅವಳು ಗೇಟು ತೆಗೆದಾಗಲೇ ನನಗದು ಕಂಡಿತ್ತು.

"ಇಷ್ಟಾಗೋವರೆಗೂ ಯಾಕೆ ಹೇಳ್ಲಿಲ್ಲ?"

"ಹೇಳ್ದೆ. ನೀವು ಗೊಬ್ಬರ ಕಲಸ್ತಿದ್ರಿ."

ದೊಡ್ಡಪ್ಪ ಕಾರ್ಡಿನ ಖಾಲಿ ಕಾಲಮ್ಮಿನಲ್ಲಿ ಇವತ್ತಿನ ತಾರೀಖು ಬರೆದರು. ನೀರಿನ ಪೈಪನ್ನು ಅಲ್ಲೇ ಬಿಟ್ಟು ಚಪ್ಪಲಿ ಹುಡುಕತೊಡಗಿದರು.

ಆಸ್ಪತ್ರೆಯಲ್ಲಿ ಚೀಟಿ ಬರೆಯುವಾಕೆ ಯಾವ ಕಣ್ಣು ಎಂದು ಕೇಳಿದಳು. ದೊಡ್ಡಪ್ಪ ಬಾಯಿ ತೆರೆದವರು ಅನುಮಾನಿಸಿ, ಹೆಂಡತಿಯ ಕೊರಳ ಕಾರ್ಡು ತಿರುಗಿಸಿ ಓದಿಕೊಂಡರು.

"ಎಡಗಣ್ಣು," ಅಂದರು.

"ನೋಡಿದ್ಯಾ, ನಲವತ್ತೊಂದು ವರ್ಷಕ್ಕೆ ನಾನೂ ಸ್ಟಾಕಿಗೆ ಸೇರ್ದೆ," ಎಂದು ದೊಡ್ಡಮ್ಮ ನನ್ನ ಕಿವಿಯಲ್ಲಿ ಹೇಳಿದಳು. ಆದರೆ ಒಳಗಿನಿಂದ ಕರೆ ಬರುವವರೆಗೂ ಅವಳು ಗಂಡನ ತೋಳು ಹಿಡಿದ ಕೈ ಬಿಡಲಿಲ್ಲ.