ಅಮ್ಮ ಬೈದ ಕುದುರೆ

ಪಕ್ಕದ ಮನೆಯ ಯಜಮಾನರು ರೇಸ್ ಪುಟ ಹಿಡಿದುಕೊಂಡು ನಮ್ಮ ಅಡುಗೆಮನೆಗೆ ಬಂದಾಗ ಅಮ್ಮ ಐರ್ಲೆಂಡಿನ ಲಿಮೆರಿಕ್‌ಗೆ ಬಂದು ಆರು ದಿನವಾಗಿತ್ತು. ಅಷ್ಟರಲ್ಲೇ ಅವಳು ನನ್ನ ಫ್ರಿಜ್, ನನ್ನ ಕಿಟಕಿಯ ಪರದೆ, ನಾನು ಕಾರು ನಿಲ್ಲಿಸುವ ರೀತಿ, ಎಲ್ಲದಕ್ಕೂ ಮಾರ್ಕ್ಸ್ ಹಾಕಿ ಮುಗಿಸಿದ್ದಳು. ಯಾವುದೂ ಪಾಸಾಗಿರಲಿಲ್ಲ. ಆಯುಷ್ಯವೆಲ್ಲ ಮೈಸೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳಿಗೆ ದಿನಾ ತಿದ್ದಲು ಏನಾದರೂ ಬೇಕು. ನಾನು ಬೆಳಗ್ಗೆ ಆಸ್ಪತ್ರೆಯ ಲ್ಯಾಬಿಗೆ ಹೊರಟರೆ ಬರುವುದು ಸಂಜೆ. ಅಲ್ಲಿಯವರೆಗೆ ಮನೆಯಲ್ಲಿ ಅವಳ ಕೈಗೆ ಸಿಗುವ ಅಪರಾಧಿಗಳೇ ಇರಲಿಲ್ಲ.

ಯಜಮಾನರು ಬಂದದ್ದು ನನ್ನದೊಂದು ಪಾರ್ಸೆಲ್ ಕೊಡಲು. ಬಸ್ ಓಡಿಸಿ ನಿವೃತ್ತರಾದವರು, ಹೆಂಡತಿ ತೀರಿಕೊಂಡು ಎರಡು ವರ್ಷ. ಕಂಕುಳಲ್ಲಿದ್ದ ಪತ್ರಿಕೆಯನ್ನು ಅಮ್ಮ ನೋಡಿದಳು, ಅದರಲ್ಲಿ ಸಾಲಾಗಿ ಅಂಕಿಗಳಿದ್ದವು. ಅಂಕಿ ಕಂಡರೆ ಅಮ್ಮನ ಕೈ ಸುಮ್ಮನಿರುವುದಿಲ್ಲ.

ನಮ್ಮ ಮೈಸೂರಿನ ರೇಸಿನಲ್ಲಿ ಕುದುರೆ ಓಡಿದರೆ ಸಾಕು. ಇಲ್ಲಿ ಚಳಿಗಾಲದ ಕೆಸರಿನಲ್ಲಿ ಎರಡು ಮೂರು ಮೈಲಿ ಓಡಬೇಕು, ದಾರಿಯುದ್ದಕ್ಕೂ ಬೇಲಿಗಳನ್ನು ಹಾರಬೇಕು. ಪತ್ರಿಕೆಯಲ್ಲಿ ಪ್ರತಿ ಕುದುರೆಯ ಪಕ್ಕ ಅದರ ಹಿಂದಿನ ಓಟಗಳ ಲೆಕ್ಕವಿರುತ್ತದೆ. ಮೊದಲು ಬಂದಿದ್ದರೆ ಒಂದು, ಮೂರನೆಯದಾಗಿದ್ದರೆ ಮೂರು, ಬೇಲಿಗೆ ಬಿದ್ದಿದ್ದರೆ ಎಫ್, ಸುಸ್ತಾಗಿ ಅರ್ಧದಲ್ಲೇ ನಿಲ್ಲಿಸಿದ್ದರೆ ಪಿ. ಚೆನ್ನಾಗಿ ಓಡುವ ಕುದುರೆಯ ಬೆನ್ನ ಮೇಲೆ ಹೆಚ್ಚು ತೂಕ ಹೇರುತ್ತಾರೆ, ಆ ಲೆಕ್ಕವೂ ಅಲ್ಲೇ ಇರುತ್ತದೆ. ಯಜಮಾನರು ಇಷ್ಟನ್ನು ವಿವರಿಸಿದ್ದೇ ತಡ, ಅಮ್ಮ ಕನ್ನಡಕ ಏರಿಸಿದಳು.

"ಪ್ರೋಗ್ರೆಸ್ ಕಾರ್ಡ್ ಅನ್ನಿ ಮತ್ತೆ," ಎಂದಳು.

ಅವತ್ತಿನಿಂದ ಮಧ್ಯಾಹ್ನ ಒಂದು ಗಂಟೆಗೆ ಇಬ್ಬರದೂ ಕ್ಲಾಸು ಶುರು. ಬಾಜಿ ಕಟ್ಟುವ ಮಾತೇ ಎತ್ತಬಾರದು ಎಂದು ಅಮ್ಮ ಮೊದಲೇ ಕಟ್ಟಪ್ಪಣೆ ಮಾಡಿದ್ದಳು. ಅವರು ಅಷ್ಟೇ ವಿಧೇಯವಾಗಿ ಒಪ್ಪಿದ್ದರು. ಅವಳನ್ನು ಅವರು ಕರೆಯುತ್ತಿದ್ದದ್ದು ಟೀಚರ್ ಎಂದು. ರಜೆಯ ದಿನ ನಾನೂ ಆ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದ್ದೇನೆ. ಅಮ್ಮನ ಮೇಷ್ಟ್ರ ಇಂಗ್ಲಿಷನ್ನು ಕನ್ನಡದಲ್ಲೇ ಹೇಳುತ್ತೇನೆ.

"ಇದು ನೋಡಿ, ಎಷ್ಟು ಒಳ್ಳೇ ಕುದುರೆ. ಹೋದ ಸಲ ನಾಲ್ಕು, ಅದರ ಹಿಂದೆ ಐದು. ಪಾಪ, ಮರ್ಯಾದಸ್ಥ. ಇದಕ್ಕೆ ಒಳ್ಳೇ ಭವಿಷ್ಯ ಇದೆ."

"ಮತ್ತೆ ಇದು, ಟೀಚರ್?"

"ಇದಾ? ಶುದ್ಧ ಸೋಮಾರಿ. ಒಂದು ಸಲ ಮೊದಲನೇದು, ಆಮೇಲೆ ಬಿತ್ತು, ಆಮೇಲೆ ಎರಡು. ಕೆಸರಿದ್ದಾಗ ಮಾತ್ರ ಓಡುತ್ತೆ, ನೆಲ ಒಣಗಿದ್ರೆ ಏದುಸಿರು ಬಿಡುತ್ತೆ. ಬೆನ್ನ ಮೇಲೆ ಅಷ್ಟು ಭಾರ ಬೇರೆ ಹೇರಿದಾರೆ. ದಂಡ."

ಅವರು ಅವಳು ಹೇಳಿದ್ದನ್ನೆಲ್ಲ ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತಿದ್ದರು. ಯಾಕೆ ಎಂದು ನಾನು ಕೇಳಲಿಲ್ಲ. ಮುದುಕರಿಗೆ ಏನೋ ಒಂದು ಹೊತ್ತು ಹೋಗಬೇಕಲ್ಲ ಎಂದುಕೊಂಡೆ. ದೊಡ್ಡ ಬುದ್ಧಿವಂತೆ ನಾನು.

ಅಮ್ಮನಿಗೆ ಹೊಗಳಲು ಬರುವುದಿಲ್ಲ ಎಂದೇನಿಲ್ಲ. ಧಾರಾಳವಾಗಿ ಹೊಗಳುತ್ತಾಳೆ, ನನ್ನೊಬ್ಬಳನ್ನು ಬಿಟ್ಟು. ಎದುರುಮನೆ ಹುಡುಗಿಯ ರಂಗೋಲಿ ಚೆನ್ನ, ಚಿಕ್ಕಪ್ಪನ ಮಗಳ ಅಕ್ಷರ ಮುತ್ತು, ಯಾರದೋ ಸೊಸೆ ಎಷ್ಟು ಚೂಟಿ. ನನ್ನ ಸರದಿ ಬಂದರೆ "ಇವಳ ಕೈಲಿ ಏನಾಗುತ್ತೆ ಬಿಡಿ." ಹನ್ನೆರಡು ವರ್ಷದ ಹಿಂದೆ ನಾನು ಎಂ.ಎಸ್ಸಿ. ಓದಲು ಇಲ್ಲಿಗೆ ಹೊರಟಾಗ ವಿಮಾನ ನಿಲ್ದಾಣದಲ್ಲಿ, ಬೀಳ್ಕೊಡಲು ಬಂದ ನೆಂಟರ ಮುಂದೆ, "ಒಂದು ತಿಂಗಳಲ್ಲಿ ವಾಪಸ್ ಬರ್ತಾಳೆ, ನೋಡ್ತಿರಿ," ಎಂದಳು. ನನಗೆ ಮೈಯೆಲ್ಲ ಉರಿಯಿತು. ಮೊದಲನೇ ವರ್ಷ ಚಳಿಗೆ, ಒಂಟಿತನಕ್ಕೆ ಎಷ್ಟೋ ಸಲ ಪೆಟ್ಟಿಗೆ ಕಟ್ಟಬೇಕು ಅನ್ನಿಸಿದಾಗಲೆಲ್ಲ ಆ ಮಾತು ನೆನಪಾಗಿ, ಹಟಕ್ಕೆ ಬಿದ್ದು ಉಳಿದೆ. ಕೆಲಸ ಸಿಕ್ಕಿತು, ಮನೆಯಾಯಿತು. ಹಟವೂ ಹಾಗೇ ಇತ್ತು.

ಅಮ್ಮನ ಮೂರು ತಿಂಗಳ ವೀಸಾ ಮುಗಿಯಲು ಎರಡು ವಾರ ಇರುವಾಗ ಯಜಮಾನರು ಒಂದು ಸಂಜೆ ಬೇಲಿಯ ಆಚೆಯಿಂದ ನನ್ನನ್ನು ಕರೆದರು. ಕೈಯಲ್ಲಿ ನೋಟ್‌ಬುಕ್ಕು. ಮುಖ ಮಾತ್ರ ಏನೋ ಕದ್ದು ಸಿಕ್ಕಿಬಿದ್ದವರ ಹಾಗಿತ್ತು.

ಅವರದೂ ಒಂದು ಕುದುರೆ ಇತ್ತು. ಪೂರ್ತಿ ಅವರದಲ್ಲ, ಹತ್ತು ಜನ ಸೇರಿ ಸಾಕಿದ ಒಂದು ಹೆಣ್ಣು ಕುದುರೆ. ಹತ್ತನೇ ಪಾಲನ್ನು ಕೊಂಡದ್ದು ಅವರ ಹೆಂಡತಿ, ಕಾಯಿಲೆ ಬೀಳುವ ಮುಂಚೆ. ಪ್ರತಿ ಗುರುವಾರ ಅವರು ಅದು ಇರುವ ಲಾಯಕ್ಕೆ ಹೋಗಿ, ಕ್ಯಾರೆಟ್ ತಿನ್ನಿಸಿ, ಊರಿನ ಸುದ್ದಿಯೆಲ್ಲ ಅದಕ್ಕೆ ಹೇಳಿ ಬರುತ್ತಿದ್ದರು. ಈಗ ಉಳಿದ ಒಂಬತ್ತು ಜನಕ್ಕೂ ಸಾಕಾಗಿತ್ತು. ಬರುವ ಭಾನುವಾರ ಲಿಮೆರಿಕ್‌ನ ಓಟದಲ್ಲಿ ಮೊದಲ ಮೂರರೊಳಗೆ ಬಂದರೆ ಇನ್ನೊಂದು ವರ್ಷ ಇಟ್ಟುಕೊಳ್ಳುವುದು, ಇಲ್ಲದಿದ್ದರೆ ಮಾರಿಬಿಡುವುದು ಎಂದು ತೀರ್ಮಾನಿಸಿದ್ದರು. ಕೊಳ್ಳುವವನು ಇಂಗ್ಲೆಂಡಿನವನು. ಹಾಗಾದರೆ ಗುರುವಾರ ಎಲ್ಲಿಗೆ ಹೋಗಲಿ ಎಂದು ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

"ಭಾನುವಾರ ಟೀಚರ್ ಬಂದು ನೋಡಬೇಕು," ಎಂದರು. "ಆದರೆ ನೋಡಿ, ಅವರು ಹೊಗಳಬಾರದು."

ನನಗೆ ತಲೆಬುಡ ತಿಳಿಯಲಿಲ್ಲ. ಅವರು ನೋಟ್‌ಬುಕ್ಕು ತೆರೆದು ತೋರಿಸಿದರು. ಎಡಕ್ಕೆ ಅಮ್ಮ ಹೇಳಿದ್ದು, ಬಲಕ್ಕೆ ಓಟದ ಫಲಿತಾಂಶ. ಅಮ್ಮ ಬಾಯ್ತುಂಬ ಹೊಗಳಿದ ಕುದುರೆಗಳಲ್ಲಿ ಒಂದೂ ಗೆದ್ದಿರಲಿಲ್ಲ. ಸೋಮಾರಿ, ದಂಡ, ಕೋತಿ, ಎಮ್ಮೆ ಎಂದು ಬೈಸಿಕೊಂಡವು ಒಂದರ ಹಿಂದೆ ಒಂದು ಮುಂದೆ ಬಂದಿದ್ದವು.

"ಅವರ ಕಣ್ಣು ಬಹಳ ಚುರುಕು," ಎಂದರು. "ಯಾವುದರ ಮೇಲೆ ಮನಸ್ಸಿದೆಯೋ ಅದನ್ನ ಬೈತಾರೆ. ಮಿಕ್ಕಿದ್ದಕ್ಕೆ ಒಳ್ಳೇ ಮಾತು ಹೇಳಿ ಕಳಿಸ್ತಾರೆ. ನಮ್ಮಮ್ಮನೂ ಹೀಗೇ ಇದ್ದಳು."

ನನಗೆ ನಂಬಿಕೆ ಬರಲಿಲ್ಲ. ದೃಷ್ಟಿಗಿಷ್ಟಿ ಎಲ್ಲ ಮೂಢರ ಮಾತು ಎಂದು ಅಜ್ಜಿಯ ಜೊತೆ ಜಗಳವಾಡಿದವಳು ಅಮ್ಮ. ನಮ್ಮ ಮನೆಯಲ್ಲಿ ಮೆಣಸಿನಕಾಯಿ ನಿವಾಳಿಸಿದ್ದೇ ಇಲ್ಲ. ಅಷ್ಟು ವಿಚಾರವಂತೆ ಒಳಗೊಳಗೇ ಈ ಕೆಲಸ ಮಾಡುತ್ತಿದ್ದಾಳೆಂದರೆ?

"ನಿನ್ನನ್ನ ಏನಂತಾರೆ?" ಎಂದು ಅವರು ಕೇಳಿದರು.

"ಯಾವ ಕೆಲಸಕ್ಕೂ ಲಾಯಕ್ಕಿಲ್ಲ ಅಂತಾರೆ."

ಅವರು ನೋಟ್‌ಬುಕ್ಕು ಮುಚ್ಚಿ ಜೇಬಿಗಿಟ್ಟುಕೊಂಡು, "ಗ್ರ್ಯಾಂಡ್," ಎಂದರು, ಇಲ್ಲಿಯವರು ಎಲ್ಲ ಸರಿಯಾಗಿದೆ ಎನ್ನಲು ಹೇಳುವ ಮಾತು.

ನಾನು ಒಳಗೆ ಬಂದೆ. ಅಮ್ಮ ನಾನು ಮಾಡಿದ ಸಾರಿನ ರುಚಿ ನೋಡಿ ಮೂಗು ಮುರಿಯುತ್ತಿದ್ದಳು. ನಲವತ್ತು ವರ್ಷದಿಂದ ಅವಳ ಮಗಳಾಗಿದ್ದ ನನಗೆ ಹೊಳೆಯದೇ ಹೋದದ್ದು ಎರಡೂವರೆ ತಿಂಗಳಲ್ಲಿ ಬಸ್ ಡ್ರೈವರಿಗೆ ಹೊಳೆದಿತ್ತಲ್ಲ, ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು.

ಭಾನುವಾರ ಮೂವರೂ ರೇಸ್‌ಕೋರ್ಸಿಗೆ ಹೋದೆವು. ಕಾರು ನಿಲ್ಲಿಸುವಾಗ ಎರಡು ಗೆರೆಯ ಮೇಲೆ ನಿಲ್ಲಿಸಿದೆ ಎಂದು ಬೈಸಿಕೊಂಡೆ. ಓಟಕ್ಕೆ ಮುಂಚೆ ಕುದುರೆಗಳನ್ನು ಒಂದು ಸಣ್ಣ ಅಂಗಳದಲ್ಲಿ ಸುತ್ತು ಹಾಕಿಸುತ್ತಾರೆ, ಜನ ಸುತ್ತ ನಿಂತು ನೋಡುತ್ತಾರೆ. ಅಮ್ಮ ಸೀರೆಯ ಮೇಲೆ ನನ್ನ ದಪ್ಪ ಕೋಟು ಹಾಕಿಕೊಂಡು, ಶಾಲು ಹೊದ್ದು, ಕೈಯಲ್ಲಿ ಅವತ್ತಿನ ಓಟಗಳ ಪುಸ್ತಕ, ಪೆನ್ಸಿಲು ಹಿಡಿದು ಮುಂದಿನ ಸಾಲಿನಲ್ಲೇ ನಿಂತಳು. ಎಂಟು ಕುದುರೆ. ಒಂದನೇ ನಂಬರಿನದು ಹೊಟ್ಟೆ ತುಂಬ ತಿಂದು ಬಂದ ಹಾಗಿದೆ ಎಂದಳು. ಏಳನೆಯದಕ್ಕೆ ಮಾತ್ರ ಒಳ್ಳೇ ಬೈಗುಳ ಸಿಕ್ಕಿತು, ಅದರ ಮಾಲೀಕರಿಗೆ ಹೇಳಿ ಖುಷಿಪಡಿಸಬೇಕು ಅನ್ನಿಸಿತು. ಎರಡು ಮತ್ತು ನಾಲ್ಕು ಬಹಳ ಸಂಭಾವಿತರಂತೆ. ಅವುಗಳ ಕತೆ ಮುಗಿಯಿತು ಎಂದು ಯಜಮಾನರು ನನಗೆ ಕಣ್ಸನ್ನೆ ಮಾಡಿದರು.

ಅವರ ಕುದುರೆ ಐದನೇ ನಂಬರು. ಚಿಕ್ಕ ಮೈ, ಕಂದು ಬಣ್ಣ, ಒಂದು ಕಿವಿ ಯಾವಾಗಲೂ ಪಕ್ಕಕ್ಕೆ. ಅದು ನಮ್ಮ ಮುಂದೆ ಬಂತು. ಯಜಮಾನರು ಅಮ್ಮನ ಮುಖ ನೋಡಿದರು.

"ಎಷ್ಟು ಲಕ್ಷಣವಾಗಿದೆ," ಎಂದಳು ಅಮ್ಮ. "ಬಂಗಾರದಂಥ ಕುದುರೆ. ಖಂಡಿತ ಒಳ್ಳೇದಾಗುತ್ತೆ ನಿಮಗೆ."

ಅವರ ಮುಖ ಸಪ್ಪಗಾಯಿತು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಥ್ಯಾಂಕ್ಯೂ ಟೀಚರ್ ಎಂದು ಮೆಲ್ಲಗೆ ಹೇಳಿದರು. ನಾನು ಅಮ್ಮನ ತೋಳು ಹಿಡಿದು ಪಕ್ಕಕ್ಕೆ ಎಳೆದೆ.

"ಯಾಕಮ್ಮ ಹೊಗಳಿದೆ?"

"ಹೊಗಳಿದ್ರೆ ತಪ್ಪೇನೇ? ವಯಸ್ಸಾದೋರು, ಒಂಟಿ ಬೇರೆ. ಒಂದೊಳ್ಳೇ ಮಾತಾಡ್ಬಾರ್ದಾ?"

"ನಿಜವಾಗ್ಲೂ ಏನನ್ಸುತ್ತೆ ಅದನ್ನ ಹೇಳು."

ಅವಳು ಶಾಲು ಸರಿಮಾಡಿಕೊಂಡು ಮತ್ತೆ ಅಂಗಳದ ಕಡೆ ತಿರುಗಿದಳು. ಪುಸ್ತಕದಲ್ಲಿ ಐದನೇ ನಂಬರಿನ ಪಕ್ಕ ಅವಳು ಪೆನ್ಸಿಲಿನಿಂದ ಒಂದು ಗುರುತೂ ಹಾಕಿರಲಿಲ್ಲ. ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟಿದ್ದಳೋ, ಹಾಕಲೇ ಇಲ್ಲವೋ.

ಐದನೇ ನಂಬರು ಎರಡನೇ ಸುತ್ತಿಗೆ ಬಂತು. ಸರಿಯಾಗಿ ಅಮ್ಮನ ಮುಂದೆ ನಿಂತುಬಿಟ್ಟಿತು. ಹಿಡಿದಿದ್ದ ಹೆಂಗಸು ಎಳೆದರೂ ಜಗ್ಗಲಿಲ್ಲ. ಕತ್ತು ಚಾಚಿ, ಅಮ್ಮನನ್ನು ಚೆನ್ನಾಗಿ ನೋಡಿ, ಅವಳ ಶಾಲಿನ ಮೇಲೆ ಜೋರಾಗಿ ಸೀನಿತು.

"ಥೂ, ಕೋತಿ," ಎಂದಳು ಅಮ್ಮ, ಅಚ್ಚ ಕನ್ನಡದಲ್ಲಿ. "ನೆಟ್ಟಗೆ ನಡೆಯಕ್ಕೆ ಬರಲ್ಲ, ಇನ್ನು ಹಾರುತ್ತಂತೆ ಹಾರುತ್ತೆ. ಕಿವಿ ನೋಡು, ಕಿವಿ. ಮೊದಲನೇ ಬೇಲಿಗೇ ಮಕಾಡೆ ಬೀಳುತ್ತೆ, ನೋಡ್ತಿರು." ಶಾಲು ಮಾತ್ರ ಒರೆಸಿಕೊಳ್ಳಲೇ ಇಲ್ಲ. ಅದು ಮರೆಯಾಗುವವರೆಗೆ ಅದನ್ನೇ ನೋಡುತ್ತ ನಿಂತಳು.

"ಏನಂದರು?" ಯಜಮಾನರು ನನ್ನ ಕೋಟು ಜಗ್ಗಿದರು.

"ನೆಟ್ಟಗೆ ನಡೆಯಕ್ಕೂ ಬರಲ್ಲ, ಮೊದಲನೇ ಬೇಲಿಗೇ ಬೀಳುತ್ತೆ ಅಂದ್ರು. ಕೋತಿ ಅಂದ್ರು."

"ನಿಜವಾಗ್ಲೂ?"

"ಒಂದಕ್ಷರ ನಾನು ಸೇರಿಸಿಲ್ಲ."

ಅವರು ಟೋಪಿ ಮತ್ತೆ ತಲೆಯ ಮೇಲಿಟ್ಟುಕೊಂಡರು.

ಓಟ ಶುರುವಾದಾಗ ಅಮ್ಮ ಕಣ್ಣು ಮುಚ್ಚಿದಳು. ಬಾಯಿ ಮುಚ್ಚಲಿಲ್ಲ. ಮೊದಲನೇ ಬೇಲಿಯಿಂದ ಕೊನೆಯವರೆಗೆ ತುಟಿಯಲ್ಲೇ ಒಂದೇ ಸಮನೆ ಬೈಗುಳ. ಈ ಸೋಮಾರಿ ಎಲ್ಲಿ ಹಾರುತ್ತೆ, ಈ ದಡ್ಡ ಮುಂಡೇದು ಎಲ್ಲಿ ಓಡುತ್ತೆ, ಹೊಟ್ಟೆಗೆ ತಿಂದದ್ದೆಲ್ಲ ದಂಡ. ಯಜಮಾನರು ಆತಂಕದಿಂದ ನನ್ನ ಕಡೆ ಬಾಗಿದರು.

"ಇನ್ನೂ ಬೈತಿದಾರಾ?"

"ಬೈತಿದಾರೆ."

"ನಿಲ್ಲಿಸಬೇಡಿ ಅಂತ ಹೇಳು."

ಎರಡನೇ ಸುತ್ತಿನಲ್ಲಿ ಏಳನೇ ನಂಬರು ಮುಂದೆ ಹೋಯಿತು, ಅದರ ಹಿಂದೆ ಒಂದು, ಮೂರು. ನಮ್ಮದು ನಾಲ್ಕನೆಯದು. ಕೆಸರು ಹಾರಿ ಯಾವುದರ ಬಣ್ಣವೂ ಕಾಣುತ್ತಿರಲಿಲ್ಲ, ಆ ಪಕ್ಕಕ್ಕೆ ಬಿದ್ದ ಕಿವಿಯಿಂದಲೇ ಗುರುತು. ಕೊನೆಯ ಬೇಲಿಗೆ ಬರುವಾಗಲೂ ನಾಲ್ಕನೆಯದೇ. ಮೂರನೆಯದಾಗಿದ್ದ ಕುದುರೆ ಬೇಲಿಯನ್ನು ಓರೆಯಾಗಿ ಹಾರಿತು, ಜಾಕಿ ಜಾರಿ ಹುಲ್ಲಿನ ಮೇಲೆ ಕೂತುಬಿಟ್ಟ. ಏನೂ ಆಗಲಿಲ್ಲ ಅವನಿಗೆ, ಎದ್ದು ಬೈದುಕೊಳ್ಳುತ್ತ ನಡೆದ. ಅಷ್ಟರಲ್ಲಿ ನಮ್ಮದು ಅವನ ಪಕ್ಕದಲ್ಲೇ ದಾಟಿ, ಯಾವ ಅವಸರವೂ ಇಲ್ಲದೆ ಮೂರನೆಯದಾಗಿ ಬಂತು.

ಯಜಮಾನರು ಮೆಟ್ಟಿಲ ಮೇಲೆ ಕುಸಿದು ಕೂತರು. ಅಮ್ಮ ಅವರ ಪಕ್ಕದಲ್ಲೇ ಕೂತು, ಶಾಲಿನ ತುದಿಯನ್ನು ಮುಂದೆ ಚಾಚಿ ಕಣ್ಣೊರೆಸಿಕೊಳ್ಳಲು ಕೊಟ್ಟಳು. ಸೀನಿದ ಶಾಲು ಎಂಬುದು ಇಬ್ಬರಿಗೂ ಮರೆತಿತ್ತು.

"ಟೀಚರ್, ಏನಂತೀರಿ?" ಎಂದು ಅವರು ಕೊನೆಗೆ ಕೇಳಿದರು.

"ಮೂರನೇದಕ್ಕೆ ಇಷ್ಟು ಸಂಭ್ರಮವಾ?" ಎಂದಳು. "ಕಾಲಲ್ಲಿ ಇನ್ನೂ ಸೋಮಾರಿತನ ಇದೆ."

ಅವರು ನೋಟ್‌ಬುಕ್ಕು ತೆಗೆದು ಅದನ್ನೂ ಬರೆದುಕೊಂಡರು.

ಮುಂದಿನ ವಾರ ಅಮ್ಮನನ್ನು ಡಬ್ಲಿನ್ ವಿಮಾನ ನಿಲ್ದಾಣಕ್ಕೆ ಬಿಡಲು ಹೊರಟೆ. ಅರ್ಧ ದಾರಿಯಲ್ಲಿ ಅವಳು ಇದ್ದಕ್ಕಿದ್ದಂತೆ ಶುರು ಮಾಡಿದಳು.

"ಮನೆ ಚೆನ್ನಾಗಿಟ್ಕೊಂಡಿದ್ದೀಯ ಕಣೆ. ನನ್ನನ್ನೂ ಚೆನ್ನಾಗಿ ನೋಡ್ಕೊಂಡೆ. ಒಬ್ಬಳೇ ಎಲ್ಲ ನಿಭಾಯಿಸ್ತೀಯ."

ಹುಟ್ಟಿದಾಗಿನಿಂದ ಈ ಮಾತಿಗೆ ಕಾದಿದ್ದವಳು ನಾನು. ಕೇಳಿದ ಕೂಡಲೇ ಅವಳು ಹೊಗಳಿದ್ದ ಎರಡನೇ ನಂಬರು, ನಾಲ್ಕನೇ ನಂಬರು ನೆನಪಾದವು. ಹಾಗೆಲ್ಲ ಅನ್ನಬೇಡಮ್ಮ ಎಂದೆ. ಅವಳು ನನ್ನನ್ನೊಮ್ಮೆ ನೋಡಿ ಕಿಟಕಿಯ ಕಡೆ ತಿರುಗಿದಳು. ಉಳಿದ ದಾರಿಯುದ್ದಕ್ಕೂ ನನಗೆ ಹೆದರಿಕೆಯೇ ಹೆದರಿಕೆ.

ನಿಲ್ದಾಣದಲ್ಲಿ, ವಯಸ್ಸಾದವಳೆಂದು ಮೊದಲೇ ಹೇಳಿಟ್ಟಿದ್ದ ಗಾಲಿಕುರ್ಚಿ ತಳ್ಳಲು ಒಬ್ಬ ಹೆಂಗಸು ಬಂದರು. ಮಾತಿಗೆ ಮಾತು ಅಂತ, ಮಗಳು ಇಲ್ಲೇ ಇರುವುದಾ ಎಂದು ಕೇಳಿದರು. ಅಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇದಾಳೆ ಅಷ್ಟೆ. ಅನ್ನ ಮಾಡಿದ್ರೆ ಮುದ್ದೆ. ಕಾರು ನಿಲ್ಸಿದ್ರೆ ಎರಡು ಗೆರೆ ಮೇಲೆ. ಇವಳ ಕೈಲಿ ಏನೂ ಆಗಲ್ಲ." ಕುರ್ಚಿ ಮುಂದೆ ಹೋದಮೇಲೆ ಕತ್ತು ತಿರುಗಿಸಿ, ಅಲ್ಲಿದ್ದವರೆಲ್ಲ ಕೇಳುವ ಹಾಗೆ ಹೇಳಿದಳು, "ಒಂದು ತಿಂಗಳಲ್ಲಿ ವಾಪಸ್ ಬರ್ತಾಳೆ, ನೋಡ್ತಿರಿ."

ಹನ್ನೆರಡು ವರ್ಷದ ಹಿಂದೆ ಇದೇ ಮಾತಿಗೆ ಹಲ್ಲು ಕಚ್ಚಿಕೊಂಡು ವಿಮಾನ ಹತ್ತಿದ್ದೆ. ಈ ಸಲ ಕಾರ್ ಪಾರ್ಕಿನವರೆಗೂ ಅತ್ತುಕೊಂಡು ನಡೆದೆ. ಕಾರು ಎರಡು ಗೆರೆಯ ಮೇಲೇ ನಿಂತಿತ್ತು.